ಬೆಟ್ಟ ಕೊಟ್ಟ ಊರು

ಕನ್ನಡದಲ್ಲಿ ‘ಊರು’ ಎಂಬ ಮಾತು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಜನರು ನೆಲೆಸಿ ಬಾಳುವ ಸ್ಥಳಕ್ಕೆ ಊರು ಎನ್ನುತ್ತೇವೆ. ರೈತನು ಬೀಜವನ್ನು ಮಣ್ಣಿನಲ್ಲಿ ಊರುತ್ತಾನೆ. ಮುಗ್ಗರಿಸಿದವನು ಕಾಲೂರಿ ನಿಲ್ಲುತ್ತಾನೆ. ಊರಿದ್ದು ಬೇರು ಬಿಡಬೇಕಾದರೆ ಕಾಲ ಬೇಕು. ನಮ್ಮ ನಾಡಿನ ಹಳ್ಳಿ ಪಟ್ಟಣಗಳಲ್ಲಿ ಬಹುಪಾಲು ಹೀಗೆಯೇ, ಕೆರೆಯ ಬದಿಯಲ್ಲಿ, ಹೊಳೆಯ ದಡದಲ್ಲಿ, ದೇವಾಲಯದ ಸುತ್ತ, ಸಂತೆಯ ಮಾಳದಲ್ಲಿ, ತಲೆಮಾರಿನಿಂದ ತಲೆಮಾರಿಗೆ ಬೆಳೆದು ಬಂದಂಥವು. ಅವುಗಳ ಹುಟ್ಟಿದ ದಿನವನ್ನು ಯಾರೂ ಹೇಳಲಾರರು.

ಆದರೆ ಹುಟ್ಟಿದ ವರ್ಷವನ್ನೂ ಬರಿದಾದ ವರ್ಷವನ್ನೂ ಖಚಿತವಾಗಿ ಹೇಳಬಹುದಾದ ಊರುಗಳೂ ಉಂಟು. ಅವು ಆಜ್ಞೆಯಿಂದ ಹುಟ್ಟಿ ಆಜ್ಞೆಯಿಂದಲೇ ಮುಗಿದುಹೋಗುವಂಥವು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಅಂಥದೊಂದು ಊರು. ಮೂವತ್ತು ವರ್ಷಗಳಷ್ಟು ಕಾಲ ಅದು ದೇಶದ ನಾನಾ ಭಾಗಗಳಿಂದ ಬಂದ ಸಂಸಾರಗಳಿಗೆ ಮನೆಯಾಗಿತ್ತು. ಅವರು ಬಂದ ಬಗೆ, ಬಾಳಿದ ರೀತಿ, ಬಿಟ್ಟುಹೋದ ಕಾರಣ ಇವು ಮೂರನ್ನೂ ತಿಳಿದರೆ, ಮನುಷ್ಯನಿಗೂ ಅವನ ನೆಲೆಗೂ ಇರುವ ಸಂಬಂಧ ಎಂಥದೆಂಬುದು ಸ್ಪಷ್ಟವಾಗುತ್ತದೆ.

ಮೂಡಿಗೆರೆಯಿಂದ ಕಳಸದ ಕಡೆಗೆ ಹೊರಟರೆ ದಾರಿಯ ಎರಡೂ ಬದಿಗೆ ಕಾಫಿ ತೋಟಗಳು. ಎತ್ತರದ ಮರಗಳ ನೆರಳಿನಲ್ಲಿ ಕಾಫಿ ಗಿಡ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಅಡಕೆ ತೋಟ ಮತ್ತು ಗದ್ದೆ, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಭದ್ರಾ ನದಿಯ ಬಳಸಿನಲ್ಲಿ ಕಳಸೇಶ್ವರನ ಸನ್ನಿಧಿಯಾದ ಕಳಸವಿದೆ. ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸ ಈಗ ತಾನೇ ಒಂದು ತಾಲ್ಲೂಕಾಗಿದೆ. ಅಲ್ಲಿಂದ ಸಂಸೆಯನ್ನು ದಾಟಿ ಮುಂದೆ ಸಾಗಿದಂತೆ ತೋಟಗಳು ಹಿಂದೆ ಸರಿದು, ಹುಲ್ಲು ಹೊದ್ದ ಬೋಳುಗುಡ್ಡಗಳು ಅಲೆಯ ಮೇಲೆ ಅಲೆಯಂತೆ ಏಳುತ್ತವೆ. ಗುಡ್ಡಗಳ ಸಂದುಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. 1,894 ಮೀಟರ್ ಎತ್ತರದ ಶಿಖರವೊಂದು ಒಂದು ದಿಕ್ಕಿನಿಂದ ನೋಡುವವರಿಗೆ ಕುದುರೆಯ ಮುಖದಂತೆ ಕಾಣುತ್ತದೆ. ಸೀಮೆಗೆಲ್ಲ ಅದರ ಹೆಸರೇ ಬಂದಿದೆ. ಇದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವರೆಂಬುದು ಪರಂಪರೆಯ ಮಾತು. ತುಂಗೆ ಶೃಂಗೇರಿಯತ್ತ, ಭದ್ರೆ ಕಳಸದತ್ತ ಹರಿದು ಕೂಡಲಿಯಲ್ಲಿ ಒಂದಾಗುತ್ತಾರೆ. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತಾಳೆ.

ಈ ಬೆಟ್ಟಗಳ ಒಡಲಲ್ಲಿ ಕಬ್ಬಿಣವಿದೆಯೆಂಬುದನ್ನು 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು ಗುರುತಿಸಿದರು. ಆದರೆ ಅದು ಹೇರಳವಾಗಿದ್ದರೂ ಸತ್ವ ಕಡಿಮೆಯಾದ ಅದಿರು. 100 ಪಾಲು ಅದಿರಿನಲ್ಲಿ ಕಬ್ಬಿಣದ ಪಾಲು 40ಕ್ಕಿಂತ ಕಡಿಮೆ. ಅದನ್ನು ಹಾಗೆಯೇ ಸಾಗಿಸಿ ಮಾರುವುದು ಲಾಭದಾಯಕವಲ್ಲ. ಆದ್ದರಿಂದ ಬೆಟ್ಟವು ಇನ್ನೂ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ತನ್ನ ಪಾಡಿಗೆ ತಾನಿತ್ತು. 1975ರಲ್ಲಿ ಇರಾನ್ ದೇಶವು ಹಣ ಒದಗಿಸಿ, ಅದಿರನ್ನು ತಾನೇ ಕೊಳ್ಳುವುದಾಗಿ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಒಡೆತನದಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪಿತವಾಯಿತು. ಮಲ್ಲೇಶ್ವರ ಎಂಬ ಹಳ್ಳಿಯ ನೆಲದಲ್ಲಿ ಹೊಸ ಊರೊಂದು ತಲೆಯೆತ್ತಿತು.

ಊರನ್ನು ಕಟ್ಟುವವರೇ ಅದರ ಮೊದಲ ನಿವಾಸಿಗಳಾದರು. ಎಂಜಿನಿಯರುಗಳು, ಯಂತ್ರ ನಡೆಸುವವರು, ಗುಮಾಸ್ತರು, ವೈದ್ಯರು, ಉಪಾಧ್ಯಾಯರು, ಗಾರೆಯವರು, ಬಡಗಿಗಳು, ಕೂಲಿಕಾರರು ಒಬ್ಬೊಬ್ಬರಾಗಿ ಬಂದರು. ಸಲಹೆಗಾಗಿ ಕೆನಡಾ ದೇಶದ ತಂತ್ರಜ್ಞರೂ ಬಂದರು. ಮೊದಲು ಗಂಡಸರು, ವಸತಿ ಸಿದ್ಧವಾದಂತೆ ಅವರ ಹಿಂದೆ ಸಂಸಾರಗಳು. ಬೆಂಗಳೂರು, ಮೈಸೂರು, ಮಂಗಳೂರುಗಳಿಂದಲೂ, ಆಂಧ್ರ, ತಮಿಳುನಾಡು, ಕೇರಳಗಳಿಂದಲೂ, ಉತ್ತರದ ದೂರದ ರಾಜ್ಯಗಳಿಂದಲೂ ಬಂದ ಕುಟುಂಬಗಳು ಒಂದೇ ಅಳತೆಯ ಮನೆಗಳ ಸಾಲಿನಲ್ಲಿ ಅಕ್ಕಪಕ್ಕದವರಾದವು.

ದೊಡ್ಡ ನಗರವನ್ನು ಬಿಟ್ಟು ಬೆಟ್ಟದ ಚಿಕ್ಕ ಊರಿಗೆ ಸಂಸಾರ ಸಾಗಿಸುವುದು ಸಣ್ಣ ಮಾತಲ್ಲ. ಉದ್ಯೋಗಕ್ಕೆ ಬಂದವನಿಗೆ ಹೊಸ ಊರಿನಲ್ಲಿ ಮೊದಲ ದಿನದಿಂದಲೇ ಒಂದು ಸ್ಥಾನವಿರುತ್ತದೆ. ಕೆಲಸ, ಸಹೋದ್ಯೋಗಿಗಳು, ಸಂಬಳ ಎಲ್ಲವೂ ಸಿದ್ಧವಾಗಿರುತ್ತವೆ. ಅವನೊಡನೆ ಬಂದ ಹೆಂಡತಿಗೂ ಮಕ್ಕಳಿಗೂ ಹಾಗಲ್ಲ. ಅವರು ತಮ್ಮ ಸ್ಥಾನವನ್ನು ತಾವೇ ಸಂಪಾದಿಸಿಕೊಳ್ಳಬೇಕು. ತವರಿನ ನೆರವು ದೂರ. ವಯಸ್ಸಾದ ತಂದೆತಾಯಿಗಳು ಹಳೆಯ ಊರಿನಲ್ಲೇ ಉಳಿದಿರುತ್ತಾರೆ. ಹಬ್ಬಕ್ಕೆ ಬರುವ ನೆಂಟರಿಲ್ಲ. ಮಕ್ಕಳು ಓದುತ್ತಿದ್ದ ಶಾಲೆ, ಆಡುತ್ತಿದ್ದ ಬೀದಿ, ಗೆಳೆಯರ ಗುಂಪು ಎಲ್ಲವೂ ಒಮ್ಮೆಗೇ ಕೈತಪ್ಪಿ ಹೋಗುತ್ತವೆ. ದೊಡ್ಡವರು ಮನೆಯ ಸಾಮಾನನ್ನು ಲಾರಿಗೆ ಹೇರುವಾಗ, ಅದಕ್ಕೆ ಹೇರಲಾಗದ ಎಷ್ಟೋ ವಸ್ತುಗಳನ್ನು ಮಕ್ಕಳು ಬಿಟ್ಟುಬರುತ್ತಾರೆಂಬುದನ್ನು ಅನೇಕರು ಗಮನಿಸುವುದಿಲ್ಲ.

ಹೊಸಬರಿಗೆ ಮೊದಲ ಪಾಠವನ್ನು ಕಲಿಸಿದ್ದು ಮಳೆ. ಬಯಲುಸೀಮೆಯ ಅನೇಕ ತಾಲ್ಲೂಕುಗಳಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ ಸಮೃದ್ಧಿ. ಕುದುರೆಮುಖದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7,000 ಮಿಲಿಮೀಟರ್. ಅಲ್ಲಿ ಹತ್ತು ವರ್ಷ ಸುರಿಯುವುದು ಇಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಒಗೆದ ಬಟ್ಟೆ ಒಣಗದು. ಡಬ್ಬಿಯ ಉಪ್ಪು ನೀರಾಗುವುದು. ಬೆಂಕಿಕಡ್ಡಿ ಗೀರಿದರೆ ಹತ್ತದು. ಪುಸ್ತಕದ ರಟ್ಟಿಗೂ ಚರ್ಮದ ಚಪ್ಪಲಿಗೂ ಬೂಸಲು. ಹುಲ್ಲಿನಲ್ಲಿ ಕಾಲಿಟ್ಟರೆ ಇಂಬಳ. ಶಾಲೆಗೆ ಹೊರಟ ಮಗುವಿನ ಕೈಯಲ್ಲಿನ ಕೊಡೆ ಗಾಳಿಗೆ ತಿರುವುಮುರುವಾಗುವುದು ದಿನನಿತ್ಯದ ನೋಟ.

ಹೊಸಬರು ಈ ಮಳೆಯನ್ನು ಶತ್ರುವೆಂದು ಬಗೆದರು. ಹಳಬರಿಗೆ ಅದು ಗೊತ್ತಿದ್ದ ನೆಂಟ. ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳು ಮಳೆಗಾಲಕ್ಕೆ ಮೊದಲೇ ಸೌದೆಯನ್ನು ಒಟ್ಟಿ, ಹಪ್ಪಳ ಸಂಡಿಗೆಗಳನ್ನು ಒಣಗಿಸಿ, ಉಪ್ಪಿನಕಾಯಿಯ ಜಾಡಿಗಳನ್ನು ತುಂಬಿಸಿಡುತ್ತಿದ್ದರು. ಗದ್ದೆಯಲ್ಲಿ ಬಾಗಿ ನಾಟಿ ಮಾಡುವವರಿಗೆ ಕೊಡೆಗಿಂತ ಬೆನ್ನು ಮುಚ್ಚುವ ಗೊರಬು ಮೇಲೆಂಬುದನ್ನು ಅವರು ಬಲ್ಲರು. ಯಾವ ಹಳ್ಳ ಯಾವಾಗ ಉಕ್ಕುತ್ತದೆ, ಯಾವ ದರೆ ಯಾವಾಗ ಕುಸಿಯುತ್ತದೆ, ಯಾವ ಕೆಸುವಿನ ಎಲೆ ಬಾಯಿ ತುರಿಸುತ್ತದೆ, ಯಾವುದು ಪತ್ರೊಡೆಗೆ ಆಗುತ್ತದೆ ಎಂಬ ತಿಳಿವಳಿಕೆ ಅವರಿಗೆ ಹಿರಿಯರಿಂದ ಬಂದ ಆಸ್ತಿ. ಹಾಲು, ತರಕಾರಿ, ಬಾಳೆಹಣ್ಣು ಮಾರಲು ಬಂದವರ ಮಾತಿನಲ್ಲಿ ಈ ತಿಳಿವಳಿಕೆ ಸ್ವಲ್ಪಸ್ವಲ್ಪವಾಗಿ ಹೊಸ ಮನೆಗಳ ಅಡುಗೆಮನೆಯನ್ನೂ ಪ್ರವೇಶಿಸಿತು. ಕಳಲೆಯನ್ನು ಕಂಡೇ ಅರಿಯದ ಮನೆಯಲ್ಲಿ ಕಳಲೆಯ ಪಲ್ಯವಾಯಿತು. ಹಳ್ಳಿಯ ಮಗು ತೆಲುಗು, ಹಿಂದಿಯ ನಾಲ್ಕು ಮಾತುಗಳನ್ನು ಕಲಿತರೆ, ಉತ್ತರದಿಂದ ಬಂದ ಮಗು ಕನ್ನಡವನ್ನೂ ತುಳುವನ್ನೂ ಬೆರೆಸಿ ಆಡತೊಡಗಿತು.

ಹೊಸ ಊರು ಖಾಲಿಯಾದ ನೆಲದ ಮೇಲೆ ಎದ್ದದ್ದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಗಣಿಗೂ ಕಟ್ಟೆಗೂ ಊರಿಗೂ ಬೇಕಾದ ನೆಲದಲ್ಲಿ ಮೊದಲು ಗದ್ದೆಗಳಿದ್ದುವು, ದನ ಮೇಯುವ ಹುಲ್ಲುಗಾವಲುಗಳಿದ್ದುವು, ಕುಟುಂಬಗಳಿದ್ದುವು. ಒಂದು ಸಂಸಾರ ಸಂತೋಷದಿಂದ ಹೊಸ ಮನೆಯ ಹೊಸ್ತಿಲು ದಾಟುವಾಗ ಇನ್ನೊಂದು ಸಂಸಾರ ತನ್ನ ಹಳೆಯ ಹೊಸ್ತಿಲನ್ನು ಬಿಟ್ಟುಹೋಗಿರಬಹುದು. ಹಳೆಯ ನಿವಾಸಿಗಳಲ್ಲಿ ಕೆಲವರಿಗೆ ಕಂಪನಿಯಲ್ಲಿ ಉದ್ಯೋಗ ದೊರೆಯಿತು. ಕೆಲವರಿಗೆ ವ್ಯಾಪಾರ ಕುದುರಿತು. ಆಸ್ಪತ್ರೆ, ಶಾಲೆ, ಬಸ್ಸು, ವಿದ್ಯುತ್ತು ಬೆಟ್ಟದ ಮೂಲೆಗೆ ಬಂದವು. ಕಳೆದುಕೊಂಡದ್ದಕ್ಕೂ ಪಡೆದದ್ದಕ್ಕೂ ಎಲ್ಲರ ಮನೆಯಲ್ಲೂ ಒಂದೇ ತೂಕ ಬೀಳಲಿಲ್ಲ.

ಇಷ್ಟೆಲ್ಲಕ್ಕೂ ಕಾರಣವಾದ ಗಣಿಯ ಕೆಲಸ ಕುತೂಹಲಕರವಾದುದು. ಬೆಟ್ಟವನ್ನು ಮೆಟ್ಟಿಲುಮೆಟ್ಟಿಲಾಗಿ ಅಗೆದು, ಅದಿರನ್ನು ಒಡೆದು, ನೀರಿನೊಡನೆ ಹಿಟ್ಟಿನಂತೆ ಅರೆಯುತ್ತಿದ್ದರು. ಅಯಸ್ಕಾಂತದ ನೆರವಿನಿಂದ ಕಬ್ಬಿಣದ ಅಂಶವನ್ನು ಬೇರ್ಪಡಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಕಟ್ಟೆಯ ಹಿಂದೆ ತುಂಬಿಸುತ್ತಿದ್ದರು. ಕಬ್ಬಿಣದ ಪುಡಿಯನ್ನು ನೀರಿನಲ್ಲಿ ಕದಡಿ, ಘಟ್ಟದ ಇಳಿಜಾರಿನಲ್ಲಿ ಹಾಸಿದ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರು ಬಂದರಿಗೆ ಹರಿಸುತ್ತಿದ್ದರು. ವರ್ಷಕ್ಕೆ 75 ಲಕ್ಷ ಟನ್ನುಗಳಷ್ಟು ಪುಡಿಯನ್ನು ತಯಾರಿಸುವ ಶಕ್ತಿ ಆ ಸ್ಥಾವರಕ್ಕಿತ್ತು. 1980ರಲ್ಲಿ ಸ್ಥಾವರ ಸಿದ್ಧವಾಯಿತು. ಅಷ್ಟರಲ್ಲಿ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಅಲ್ಲಿನ ಆಡಳಿತವೇ ಬದಲಾಗಿತ್ತು. ಕೊಳ್ಳುವೆನೆಂದಿದ್ದ ದೇಶ ಹಿಂದೆ ಸರಿಯಿತು. ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. ಮಲೆನಾಡಿನ ಮೂಲೆಯ ಒಂದು ಮನೆಯ ಒಲೆಗೂ ಸಾವಿರಾರು ಮೈಲು ದೂರದ ರಾಜಕೀಯಕ್ಕೂ ಹೀಗೆ ಗಂಟು ಬಿದ್ದಿತ್ತು.

ಊರು ಬೇರು ಬಿಡುತ್ತಿದ್ದ ಹಾಗೆಯೇ ಇನ್ನೊಂದು ಪ್ರಶ್ನೆಯೂ ಬೆಳೆಯುತ್ತಿತ್ತು. ಹುಲ್ಲು ಹೊದ್ದ ಬೆಟ್ಟ ಮಳೆಯನ್ನು ಹೀರಿಕೊಂಡು, ಬೇಸಗೆಯಲ್ಲಿ ಮೆಲ್ಲಗೆ ಹೊಳೆಗೆ ಬಿಡುತ್ತದೆ. ಹುಲ್ಲಿನ ಹೊದಿಕೆಯನ್ನು ಕಿತ್ತ ಬೆಟ್ಟದಿಂದ ಅದೇ ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಭದ್ರೆಯ ನೀರು ಮಳೆಗಾಲದಲ್ಲಿ ಗಣಿಯ ಹೂಳನ್ನು ಹೊತ್ತು ಕೆಂಪಾಗಿ ಹರಿಯತೊಡಗಿತು. ಆ ನೀರು ಹೋಗಿ ಸೇರುವುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆ ತೋಟಗಳಿಗೆ ನೀರುಣಿಸುವುದು ಅದೇ ಜಲಾಶಯ. ಕೆಳಗಿನ ರೈತರು ಆತಂಕಗೊಂಡರು. ಬೆಟ್ಟಗಳ ಸುತ್ತಲಿನ ಕಾಡು ಹುಲಿಗೂ, ಅಳಿವಿನಂಚಿನಲ್ಲಿರುವ ಸಿಂಗಳೀಕಕ್ಕೂ ನೆಲೆ. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅಂದಿನಿಂದ ಒಂದೇ ಬೆಟ್ಟಸಾಲಿನಲ್ಲಿ ಕಾಪಾಡಬೇಕಾದ ಕಾಡೂ ಅಗೆಯಬೇಕಾದ ಗಣಿಯೂ ಒಂದರ ಮಗ್ಗುಲಿಗೆ ಒಂದು ನಿಂತವು.

ಗಣಿಯ ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯಿತು. ಅನಂತರ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಸಾಗಿತು. ಅರಣ್ಯ ಇಲಾಖೆಯ ನಿವೃತ್ತ ಅಧಿಕಾರಿ ಕೆ.ಎಂ. ಚಿಣ್ಣಪ್ಪ ಮೊದಲಾದ ವನ್ಯಜೀವಿ ಸಂರಕ್ಷಕರು ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. ಒಂದು ಕಡೆ ವಿದೇಶಿ ವಿನಿಮಯ ಗಳಿಸಿಕೊಡುತ್ತಿದ್ದ ಉದ್ಯಮ, ಅದನ್ನೇ ನಂಬಿದ ಕುಟುಂಬಗಳು; ಇನ್ನೊಂದು ಕಡೆ ನದಿ, ಕಾಡು, ನದಿಯನ್ನು ನಂಬಿದ ಕೆಳಗಿನ ಸೀಮೆಯ ಕುಟುಂಬಗಳು. 2002ರ ಅಕ್ಟೋಬರ್ 30ರಂದು ನ್ಯಾಯಾಲಯವು ತೀರ್ಪು ನೀಡಿ, 2005ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲಬೇಕೆಂದು ವಿಧಿಸಿತು. 2005ರ ಡಿಸೆಂಬರ್ 31ರಂದು ಬೆಟ್ಟವನ್ನು ಅಗೆಯುವ ಯಂತ್ರಗಳು ನಿಂತವು.

ಯಂತ್ರ ನಿಂತ ಮೇಲೆ ಊರು ನಿಲ್ಲಲಾರದೆ ಹೋಯಿತು. ಕೆಲವರು ಮಂಗಳೂರಿನ ಘಟಕಕ್ಕೆ ವರ್ಗವಾದರು. ಕೆಲವರು ಸ್ವಇಚ್ಛೆಯಿಂದ ನಿವೃತ್ತರಾಗಿ ತಮ್ಮ ಪ್ರಾಂತಗಳಿಗೆ ಮರಳಿದರು. ಕಾಯಂ ನೌಕರಿಯಿಲ್ಲದ ಕೂಲಿಕಾರರಿಗೂ, ಕಂಪನಿಯ ಊರನ್ನೇ ನೆಚ್ಚಿ ಅಂಗಡಿ ಹೋಟೆಲು ನಡೆಸುತ್ತಿದ್ದವರಿಗೂ ವರ್ಗವೆಂಬುದೂ ಇಲ್ಲ, ನಿವೃತ್ತಿವೇತನವೆಂಬುದೂ ಇಲ್ಲ. ತೀರ್ಪಿನ ಭಾರ ಹೆಚ್ಚಾಗಿ ಬಿದ್ದದ್ದು ಅವರ ಮೇಲೆ. ಹಿಂದೆ ತುಂಬಿ ಬಂದಿದ್ದ ಲಾರಿಗಳು ಈಗ ತುಂಬಿ ಹೊರಟವು. ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಸಾಲುಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

ಹಿರಿಯರಿಗೆ ಮರಳಲು ಒಂದು ಹಳೆಯ ಊರಿತ್ತು. ಆದರೆ ಅಲ್ಲಿಯೇ ಹುಟ್ಟಿ, ಅಲ್ಲಿಯೇ ಅಕ್ಷರ ಕಲಿತ ಮಕ್ಕಳಿಗೆ? ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ಅವರು ಕುದುರೆಮುಖವೆಂದೇ ಹೇಳಬೇಕು. ತಂದೆಯ ಊರು ಅವರಿಗೆ ರಜೆಯಲ್ಲಿ ಹೋಗಿಬರುವ ಸ್ಥಳ. ಮಳೆಯ ಸದ್ದಿಗೆ ನಿದ್ದೆ ಹೋದ ಬೆಟ್ಟದ ಮನೆಯೇ ಸ್ವಂತ ಊರು. ಭಾಷೆ ಬೇರೆ, ಪ್ರಾಂತ ಬೇರೆ, ಆಚಾರ ಬೇರೆಯಾದ ಸಂಸಾರಗಳು ಒಂದೇ ಮಳೆಯಲ್ಲಿ ನೆನೆದು, ಒಬ್ಬರ ಮಗುವಿಗೆ ಜ್ವರ ಬಂದಾಗ ಇನ್ನೊಬ್ಬರು ಗಂಜಿ ಕಾಯಿಸಿಕೊಟ್ಟು, ಗಣೇಶನ ಹಬ್ಬವನ್ನೂ ಓಣಂ ಅನ್ನೂ ಕ್ರಿಸ್‌ಮಸ್ಸನ್ನೂ ಕೂಡಿ ಆಚರಿಸಿ ಗಳಿಸಿದ ನೆರೆಹೊರೆ ಅದು. ಕಂಪನಿ ಮನೆಗಳನ್ನು ಕಟ್ಟಿಸಿಕೊಟ್ಟಿತ್ತು. ನೆರೆಹೊರೆಯನ್ನು ಕಟ್ಟಿದವರು ಆ ಮನೆಗಳಲ್ಲಿ ಬಾಳಿದವರು. ಆದ್ದರಿಂದಲೇ ಮನೆಯ ಬೀಗವನ್ನು ಕಂಪನಿಗೆ ಒಪ್ಪಿಸಿ ಹೋಗುವುದು ಸುಲಭ, ನೆರೆಹೊರೆಯನ್ನು ಬಿಟ್ಟುಹೋಗುವುದು ಕಷ್ಟ.

ನೆಲದೊಳಗಿನ ಸಂಪತ್ತನ್ನು ನಂಬಿ ಕಟ್ಟಿದ ಊರುಗಳಿಗೆಲ್ಲ ಇಂಥ ಕಾಲ ಒಂದಲ್ಲ ಒಂದು ದಿನ ಬಂದಿದೆ. ಕರ್ನಾಟಕದಲ್ಲಿಯೇ ಕೋಲಾರದ ಚಿನ್ನದ ಗಣಿಗಳು ಸುಮಾರು 120 ವರ್ಷ ನಡೆದು 2001ರಲ್ಲಿ ಮುಚ್ಚಿದವು. ಅಮೆರಿಕದ ನಡುನಾಡಿನಲ್ಲಿ, ಮಿನ್ನೆಸೋಟಾ ರಾಜ್ಯದಲ್ಲಿ, ಹಿಬ್ಬಿಂಗ್ ಎಂಬ ಚಿಕ್ಕ ಪಟ್ಟಣವಿದೆ. ಅದರ ಬುಡದಲ್ಲಿಯೇ ಕಬ್ಬಿಣದ ಅದಿರಿತ್ತು. 1919ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿನ ಮನೆಗಳನ್ನೂ ದೊಡ್ಡ ಕಟ್ಟಡಗಳನ್ನೂ ಅಡಿಪಾಯದಿಂದ ಎಬ್ಬಿಸಿ, ಮರದ ದಿಮ್ಮಿಗಳ ಮೇಲೆ ಉರುಳಿಸುತ್ತ ಸುಮಾರು ಎರಡು ಮೈಲು ದೂರಕ್ಕೆ ಸಾಗಿಸಿದರು. ಅದಿರಿಗಾಗಿ ಅಲ್ಲಿ ಊರೇ ಜಾಗ ಬಿಟ್ಟಿತು. ಕುದುರೆಮುಖದಲ್ಲಿ ನಡೆದದ್ದು ಬೇರೆ. ಇಲ್ಲಿ ಅದಿರು ತೀರಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ನದಿಯ ಮತ್ತು ಕಾಡಿನ ಹಕ್ಕನ್ನು ಮನ್ನಿಸಿ ಗಣಿಯೂ, ಗಣಿಯೊಡನೆ ಊರೂ ಹಿಂದೆ ಸರಿಯಬೇಕಾಯಿತು.

2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮಘಟ್ಟದ ಆಯ್ದ ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅದರಲ್ಲಿ ಸೇರಿತು. ಜನವಿಲ್ಲದ ಮನೆಗಳ ಗೋಡೆಗಳನ್ನು ಪಾಚಿ ಮುಚ್ಚುತ್ತಿದೆ. ಅಂಗಳಗಳಲ್ಲಿ ಕಾಡುಗಿಡಗಳು ಎದ್ದಿವೆ. ಅಗೆದ ಗುಡ್ಡದ ಮೇಲೆ ಹುಲ್ಲು ಮತ್ತೆ ಹಬ್ಬಲು ಮನುಷ್ಯನ ಆಯುಷ್ಯಕ್ಕಿಂತ ದೀರ್ಘವಾದ ಕಾಲ ಬೇಕಾದೀತು. ಲಕ್ಯಾ ಕಟ್ಟೆಯ ಹಿಂದೆ ತುಂಬಿದ ಕೆಸರು ಅಲ್ಲಿಯೇ ಇದೆ; ಅದನ್ನು ಕಾಯುವ ಹೊಣೆ ಗಣಿಯ ಲಾಭವನ್ನು ಕಾಣದ ಮುಂದಿನ ತಲೆಮಾರುಗಳ ಮೇಲೂ ಬಿದ್ದಿದೆ.

ನ್ಯಾಯಾಲಯದ ತೀರ್ಪನ್ನು ಸರಿಯೆಂದು ಒಪ್ಪುವವನೂ ಮನೆ ಬಿಟ್ಟುಹೋದವರ ದುಃಖವನ್ನು ಹಗುರವೆಂದು ಎಣಿಸಬಾರದು. ಅವರ ದುಃಖಕ್ಕೆ ಮರುಗುವವನೂ ಹೂಳು ತುಂಬಿದ ಹೊಳೆಯ ಕೆಳಗಿನ ರೈತನನ್ನು ಮರೆಯಬಾರದು. ಎರಡು ಕಡೆಯಲ್ಲಿಯೂ ಇದ್ದದ್ದು ಸಂಸಾರಗಳೇ. ತಪ್ಪಿದ್ದರೆ ಅದು ಹೊಟ್ಟೆಪಾಡಿಗಾಗಿ ಬೆಟ್ಟಕ್ಕೆ ಬಂದವರದಲ್ಲ. ನೆಲ ಎಷ್ಟನ್ನು ತಾಳಬಲ್ಲದು, ಎಷ್ಟು ಕಾಲ ತಾಳಬಲ್ಲದು, ಆಮೇಲೆ ಇಲ್ಲಿನ ಜನರ ಗತಿಯೇನು ಎಂಬ ಲೆಕ್ಕವನ್ನು ಅಡಿಗಲ್ಲು ಇಡುವ ಮೊದಲೇ ಹಾಕದೆ ಹೋದದ್ದರಲ್ಲಿದೆ. ಕಾಫಿಯ ಗಿಡವನ್ನು ಊರುವ ಮಲೆನಾಡಿನ ಕೃಷಿಕ ಮೊದಲು ನೆರಳಿನ ಮರವನ್ನು ನೋಡುತ್ತಾನೆ, ಮಣ್ಣು ಜಾರುವ ಇಳಿಜಾರನ್ನು ನೋಡುತ್ತಾನೆ, ನೀರು ಹರಿದುಹೋಗುವ ದಾರಿಯನ್ನು ನೋಡುತ್ತಾನೆ. ಊರನ್ನು ಕಟ್ಟುವವರಿಗೂ ಅಷ್ಟು ಎಚ್ಚರ ಬೇಕು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆಯೆಂದು ಗುರುತಿಸಿದವರು ಯಾರು?
2. ಕಬ್ಬಿಣದ ಪುಡಿಯನ್ನು ಬಂದರಿಗೆ ಹೇಗೆ ಸಾಗಿಸುತ್ತಿದ್ದರು?
3. ಗಣಿಗಾರಿಕೆ ಯಾವ ವರ್ಷದ ಅಂತ್ಯಕ್ಕೆ ನಿಂತಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಹೊಸ ಊರಿಗೆ ಬಂದ ಸಂಸಾರಗಳು ಮಳೆಗಾಲದಲ್ಲಿ ಎದುರಿಸಿದ ತೊಂದರೆಗಳಾವುವು? ಸ್ಥಳೀಯರು ಮಳೆಗೆ ಹೇಗೆ ಸಿದ್ಧರಾಗುತ್ತಿದ್ದರು?
2. ಗಣಿಯಿಂದ ಭದ್ರಾ ನದಿಗೆ ಯಾವ ಹಾನಿಯಾಯಿತು? ಅದರಿಂದ ಕೆಳಗಿನ ರೈತರು ಆತಂಕಗೊಂಡುದೇಕೆ?
3. ಹಿಬ್ಬಿಂಗ್ ಪಟ್ಟಣಕ್ಕೂ ಕುದುರೆಮುಖಕ್ಕೂ ಇರುವ ವ್ಯತ್ಯಾಸವೇನು?

ಇ. ಸಂದರ್ಭ ಸಹಿತ ವಿವರಿಸಿರಿ:
1. ‘ಎರಡು ಕಡೆಯಲ್ಲಿಯೂ ಇದ್ದದ್ದು ಸಂಸಾರಗಳೇ.’
2. ‘ಮನೆಯ ಬೀಗವನ್ನು ಕಂಪನಿಗೆ ಒಪ್ಪಿಸಿ ಹೋಗುವುದು ಸುಲಭ, ನೆರೆಹೊರೆಯನ್ನು ಬಿಟ್ಟುಹೋಗುವುದು ಕಷ್ಟ.’

ಈ. ಭಾಷಾಭ್ಯಾಸ:
‘ಊರು’ ಎಂಬಂತೆ ನಾಮಪದವೂ ಕ್ರಿಯಾಪದವೂ ಆಗುವ ಬೇರೆ ಮೂರು ಕನ್ನಡ ಪದಗಳನ್ನು ಹುಡುಕಿ, ಎರಡೂ ಅರ್ಥಗಳಲ್ಲಿ ಸ್ವಂತ ವಾಕ್ಯಗಳಲ್ಲಿ ಬಳಸಿರಿ.